ಬೆನ್ನು ತಿರುಗಿಸಿ ಕೇಳಿದ ಕೂಗು

ನನ್ನ ಅತ್ತಿಗೆಗೆ ಹತ್ತು ಬೆರಳುಗಳಿವೆ. ಇದೂ ಒಂದು ಹೇಳುವ ಮಾತೇ, ಎಲ್ಲರಿಗೂ ಇರುತ್ತವಲ್ಲ ಎಂದು ನೀವು ಅನ್ನಬಹುದು. ಪ್ಲಾಸ್ಟಿಕ್ ಒತ್ತುವ ಕಾರ್ಖಾನೆಗಳೇ ತುಂಬಿರುವ ನಮ್ಮ ಬೀದಿಯಲ್ಲಿ ಹಾಗೆ ಅನ್ನುವವರು ಕಡಿಮೆ. ಅರ್ಧ ಆಯುಸ್ಸನ್ನು ಅಚ್ಚುಗಳ ಮುಂದೆ ಕಳೆದರೂ ಒಂದು ಉಗುರನ್ನೂ ಕಳೆದುಕೊಳ್ಳದ ಹೆಂಗಸು ಎಂದು ಅವರಿಗೆ 'ಹತ್ತು ಬೆರಳು' ಎಂದೇ ಹೆಸರು ಬಿದ್ದಿತ್ತು. ಅವರ ಗಂಡನಿಗೆ, ಅಂದರೆ ನನ್ನ ಅಣ್ಣನಿಗೆ, ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿದೆ. "ಇಬ್ಬರಿಗೂ ಸೇರಿ ಹದಿನಾರು, ಸಂಸಾರಕ್ಕೆ ಧಾರಾಳ ಸಾಕು" ಎಂದು ಅವನೇ ತಮಾಷೆ ಮಾಡುತ್ತಾನೆ. ಆ ತಮಾಷೆಗೆ ಅತ್ತಿಗೆ ನಕ್ಕದ್ದನ್ನು ನಾನು ಕಂಡಿಲ್ಲ.

ಅಣ್ಣನ ಕೈ ಹೋದ ಮೇಲೆ ಅತ್ತಿಗೆ ಕಾರ್ಖಾನೆ ಬಿಟ್ಟು ಹೆಣ್ಣುಮಕ್ಕಳ ತರಬೇತಿ ಕೇಂದ್ರಕ್ಕೆ ಸೇರಿದರು. ನಾನು ಅಲ್ಲಿಯೇ ಹೊಲಿಗೆ ಕಲಿಸುತ್ತಿದ್ದೆ, ಈಗಲೂ ಕಲಿಸುತ್ತೇನೆ. ಎರಡು ಉದ್ದನೆಯ ಕೋಣೆ, ಮುಂದೆ ಒಂದು ಸಿಮೆಂಟಿನ ಅಂಗಳ, ಅಷ್ಟೇ ನಮ್ಮ ಕೇಂದ್ರ. ಒಂದು ಕೋಣೆ ನನ್ನದು, ಇನ್ನೊಂದು ಅವರದು. ನಡುಗೋಡೆಯಲ್ಲಿ ಗಾಜಿಲ್ಲದ ಒಂದು ಕಿಟಕಿ. ಅದರಿಂದ ಅವರ ಕಡೆಯ ಕಾವು ನನ್ನ ಕಡೆಗೆ, ನನ್ನ ಕಡೆಯ ಹರಟೆ ಅವರ ಕಡೆಗೆ ದಾಟುತ್ತಿತ್ತು. ನನ್ನ ಹುಡುಗಿಯರಿಗೆ ಹೆಚ್ಚೆಂದರೆ ಸೂಜಿ ಚುಚ್ಚುತ್ತದೆ. ಅವರ ಹುಡುಗಿಯರ ಲೆಕ್ಕವೇ ಬೇರೆ.

ಯಾರೇ ಬರಲಿ, ಅತ್ತಿಗೆ ಮೊದಲು ಕಲಿಸುತ್ತಿದ್ದದ್ದು ಸೋಪಿನ ಡಬ್ಬಿ. ಮುಚ್ಚಳವಿಲ್ಲದ್ದು, ತಳದಲ್ಲಿ ನಾಲ್ಕು ತೂತಿನದು. ಹಳೆಯ ಕ್ಯಾನು, ಬಾಟಲಿ ಮುಚ್ಚಳಗಳ ಚೂರನ್ನು ತೂಗಿ, ತಟ್ಟೆಯಲ್ಲಿ ಹರಡಿ ಓವನ್ನಿಗೆ ಇಡಬೇಕು. ಚೂರುಗಳು ಕರಗಿ ಹಿಟ್ಟಿನ ಹಾಗೆ ಮೆತ್ತಗಾದಾಗ ಮರದ ಸಟ್ಟುಗದಲ್ಲಿ ಉಂಡೆ ಮಾಡಿ ಅಚ್ಚಿನ ಕೆಳಭಾಗದಲ್ಲಿ ಕೂರಿಸಬೇಕು. ಮೇಲಿನ ಅಚ್ಚು ಇಳಿದು ಒತ್ತಿದರೆ ಡಬ್ಬಿ. ಕೂದಲು ಬಿಗಿಯಾಗಿ ಕಟ್ಟಿ, ತೋಳು ಮಡಚಿ, ದಪ್ಪ ಕೈಗವಸು ಹಾಕದೆ ಅವರ ಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಪೈಪಿನ ತುಂಡೋ ವಯರಿನ ಸಿಪ್ಪೆಯೋ ಚೂರಿನಲ್ಲಿ ಸಿಕ್ಕಿದರೆ ಇಡೀ ಚೀಲವನ್ನು ನೆಲಕ್ಕೆ ಸುರಿಸಿ ಮತ್ತೆ ಆರಿಸುತ್ತಿದ್ದರು, ಅದು ಕಾದರೆ ವಿಷದ ಗಾಳಿ ಬರುತ್ತದೆ ಎಂದು. ಓವನ್ನಿನಿಂದ ಹೊಗೆ ಎದ್ದರೆ ಮೊದಲು ಸ್ವಿಚ್ಚು, ಆಮೇಲೆ ಕಿಟಕಿ, ಕೊನೆಗೆ ಬಾಯಿ. "ಮೊದಲು ಅರಚಿ ಆಮೇಲೆ ಸ್ವಿಚ್ ಹುಡುಕೋರು ನನ್ನ ಕ್ಲಾಸಿಗೆ ಬೇಡ" ಎನ್ನುತ್ತಿದ್ದರು.

ಒತ್ತುವ ಯಂತ್ರ ಮಾತ್ರ ಯಾವುದೋ ಕಾರ್ಖಾನೆ ಗುಜರಿಗೆ ಹಾಕುವ ಮುಂಚೆ ದಾನ ಕೊಟ್ಟದ್ದು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದಂತೆ, ಯಾರೂ ಎಣಿಸಲಿಲ್ಲ. ಒಬ್ಬಳು ಮುಂದೆ ನಿಂತು ಉಂಡೆ ಕೂರಿಸಬೇಕು, ಇನ್ನೊಬ್ಬಳು ಹಿಂದೆ ನಿಂತು ಉದ್ದನೆಯ ಕಬ್ಬಿಣದ ಹಿಡಿಯನ್ನು ಕೆಳಗೆ ಎಳೆಯಬೇಕು. ನಡುವೆ ಯಂತ್ರದ ದಪ್ಪ ಕಂಬ ಅಡ್ಡ. ಹಿಡಿ ಎಳೆಯುವವಳಿಗೆ ಅಚ್ಚಿನ ಬಾಯಿಯೂ ಕಾಣುವುದಿಲ್ಲ, ಅದರಲ್ಲಿರುವ ಕೈಯೂ ಕಾಣುವುದಿಲ್ಲ. ಅದಕ್ಕೇ ಅತ್ತಿಗೆ ಒಂದು ಕೂಗು ಇಟ್ಟಿದ್ದರು. ಉಂಡೆ ಕೂರಿಸಿದವಳು ಕೈಯನ್ನು ಎದೆಗೆ ತಂದುಕೊಂಡು "ಕೈ ಹೊರಗೆ" ಎಂದು ಕೂಗಬೇಕು. ಹಿಂದಿನವಳು "ಕೇಳಿಸ್ತು" ಎನ್ನಬೇಕು, ಆಮೇಲೆ ಎಳೆಯಬೇಕು. ದಿನವಿಡೀ ಆ ಕಿಟಕಿಯಿಂದ ಅದೇ ಎರಡು ಮಾತು ಬರುತ್ತಿದ್ದವು. ನನ್ನ ಹುಡುಗಿಯರು ಅದರ ತಾಳಕ್ಕೇ ಮೆಷಿನ್ನು ತುಳಿಯುತ್ತಿದ್ದರು.

ಅಚ್ಚಿನ ಮುಂದೆ ಒಂದು ಜಾಲರಿ ಬಾಗಿಲು ಬೇಕು, ಅದು ಮುಚ್ಚದಿದ್ದರೆ ಹಿಡಿ ಕೆಳಗೆ ಬರಬಾರದು, ಹಾಗೆ ಮಾಡಿಸಿಕೊಡಿ ಎಂದು ಅತ್ತಿಗೆ ಸೇರಿದ ವರ್ಷದಿಂದ ಕೇಳುತ್ತಲೇ ಇದ್ದರು. ಕೇಂದ್ರದ ಕಾರ್ಯದರ್ಶಿ ಒಳ್ಳೆಯ ಮಾತಿನ ಮನುಷ್ಯ. "ಇಷ್ಟು ವರ್ಷದಲ್ಲಿ ಒಬ್ಬಳ ಉಗುರಾದ್ರೂ ಹೋಗಿದ್ಯಾ ಮೇಡಂ? ನಿಮ್ಮ ಕೂಗೇ ಬಾಗಿಲು ಬಿಡಿ" ಎಂದು ನಗುತ್ತಿದ್ದರು. ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆಯುವುದು ಅಂದರೆ ಇದೇ. ಅತ್ತಿಗೆ ಚೆನ್ನಾಗಿ ಕಲಿಸಿದಷ್ಟೂ ಬಾಗಿಲು ದೂರ ಹೋಗುತ್ತಿತ್ತು. ಅದು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ.

ಆ ಸಲ ಬಂದವರಲ್ಲಿ ಇಬ್ಬರು ಜೊತೆಯಾಗಿ ಬಂದರು, ಒಂದೇ ಓಣಿಯವರು. ಒಬ್ಬಳು ದಪ್ಪನೆಯ ಹುಡುಗಿ. ನಡೆದರೆ ನೆಲ ಅದುರುತ್ತದೆ, ನಕ್ಕರೆ ಹಾರನ್ನು ಹೊಡೆದಂತೆ. ಅವಳಿಗೆ ಲಾರಿ ಎಂದು ಹೆಸರಿಟ್ಟವರು ನನ್ನ ಹುಡುಗಿಯರೇ, ಅವಳಿಗೂ ಅದು ಬೇಸರವಿರಲಿಲ್ಲ. ಇನ್ನೊಬ್ಬಳ ಗಂಟಲಲ್ಲಿ ಧ್ವನಿಯೇ ಇರಲಿಲ್ಲ. ಹೆಸರು ಕೇಳಿದರೆ ಮೂರು ಸಲ ಕೇಳಬೇಕು. ಅವಳು ಪಿಸುಮಾತು ಆದಳು. ಪಿಸುಮಾತಿನ ಕೈ ಮಾತ್ರ ಬಂಗಾರ. ಉಂಡೆಯನ್ನು ಅಚ್ಚಿನ ನಡುಮಧ್ಯಕ್ಕೆ ಕೂರಿಸಿದರೆ ಡಬ್ಬಿಯ ಅಂಚಿನಲ್ಲಿ ಒಂದು ಎಳೆಯೂ ಹೆಚ್ಚಿಗೆ ಬರುತ್ತಿರಲಿಲ್ಲ. ಇಬ್ಬರಿಗೂ ಒಂದೇ ಆಸೆ, ಬೀದಿಯ ಕೊನೆಯ ಬಕೆಟ್ ಕಾರ್ಖಾನೆಯಲ್ಲಿ ಒಟ್ಟಿಗೆ ಕೆಲಸ. ಆದರೆ ಪಿಸುಮಾತಿನ ಕೂಗು ಕಂಬದ ಆಚೆಗೆ ದಾಟುತ್ತಿರಲಿಲ್ಲ. ಲಾರಿ ಹಿಂದಿನಿಂದ "ಅಂದ್ಯಾ? ಇನ್ನೂ ಇಲ್ವಾ?" ಎಂದು ಕೇಳುತ್ತಾ ನಿಲ್ಲಬೇಕು.

ಅತ್ತಿಗೆ ಅವಳನ್ನು ಯಂತ್ರದಿಂದ ಇಳಿಸಿದರು. ಧ್ವನಿ ಬರುವವರೆಗೆ ಅಚ್ಚು ಮುಟ್ಟಬಾರದು ಎಂದರು. ಹಳೆಯ ಒಂದು ಅಚ್ಚಿನ ಕೆಳಭಾಗವನ್ನು ಅಂಗಳದ ಬೆಂಚಿನ ಮೇಲೆ ಇಟ್ಟು, ಒದ್ದೆ ಮಣ್ಣಿನ ಉಂಡೆ ಕೊಟ್ಟು, ತಾವು ಗೇಟಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತರು. "ನಾನು ನಿನ್ನ ನೋಡಲ್ಲ. ಲಾರಿಗೂ ನೀನು ಕಾಣಲ್ಲ ತಾನೇ? ಬರೀ ಕಿವಿ. ನನಗೆ ಇಲ್ಲಿಗೆ ಕೇಳಿಸಬೇಕು."

ಹುಡುಗಿ ಉಂಡೆ ಇಟ್ಟು ಕೂಗಿದಳು.

"ಇಲ್ಲ. ಮತ್ತೆ."

"ಕೈ ಹೊರಗೆ."

"ಬೆಕ್ಕಿನ ಮರೀನೂ ಇದಕ್ಕಿಂತ ಜೋರಾಗಿ ಅಳುತ್ತೆ. ಮತ್ತೆ."

ನಾನು ಕಿಟಕಿಯಿಂದ ನೋಡಿ ನಗುತ್ತಿದ್ದೆ. ಅಂಗಳದ ಒಂದು ತುದಿಯಲ್ಲಿ ಗೇಟಿಗೆ ಮುಖ ಮಾಡಿ ನಿಂತ ಹೆಂಗಸು, ಇನ್ನೊಂದು ತುದಿಯಲ್ಲಿ ಮುಖ ಕೆಂಪಾಗಿಸಿಕೊಂಡು ಬೆನ್ನಿಗೆ ಕೂಗುವ ಹುಡುಗಿ. ಎಷ್ಟೋ ಮಧ್ಯಾಹ್ನ ಇದೇ ನಡೆಯಿತು. ಹುಡುಗಿ ಮನೆಯಲ್ಲೂ ಬಿಡಲಿಲ್ಲವಂತೆ. ತಟ್ಟೆ ಇಡುವಾಗ, ಲೋಟ ಇಡುವಾಗ ಕೂಗಿ ಕೂಗಿ ಅಕ್ಕಪಕ್ಕದವರಿಂದ ಬೈಸಿಕೊಂಡಳೆಂದು ಅವಳ ತಾಯಿ ಹೇಳಿದರು. ಕೊನೆಗೊಂದು ದಿನ ಗೇಟಿನ ಹತ್ತಿರ ನಿಂತ ಅತ್ತಿಗೆ ಬೆಚ್ಚಿಬೀಳುವಷ್ಟು ಜೋರಾಗಿ ಕೂಗಿಬಿಟ್ಟಳು. ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನವನೂ ನಿಂತು ನೋಡಿದ. ಅತ್ತಿಗೆ ತಿರುಗಿ ಚಪ್ಪಾಳೆ ತಟ್ಟಿದರು. ಅವರು ಚಪ್ಪಾಳೆ ತಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪಿಸುಮಾತು ಯಂತ್ರದ ಮುಂದೆ ಮರಳಿ ನಿಂತ ಸ್ವಲ್ಪ ದಿನಕ್ಕೇ ಅದು ಆಯಿತು. ಅತ್ತಿಗೆಯ ಉಳಿದ ಹುಡುಗಿಯರು ಅಂಗಳದಲ್ಲಿ ಚೂರು ಆರಿಸುತ್ತಿದ್ದರು. ನಾನು ಕತ್ತರಿ ಹಿಡಿದು ಬಟ್ಟೆಯ ಮೇಲೆ ಬಗ್ಗಿದ್ದೆ. ಕಿಟಕಿಯಿಂದ "ಕೈ ಹೊರಗೆ" ಎಂದು ಕೇಳಿತು, ಗಂಟೆ ಬಾರಿಸಿದ ಹಾಗೆ. "ಕೇಳಿಸ್ತು" ಎಂದೂ ಕೇಳಿತು. ಆಮೇಲೆ ಕಿರಿಚಾಟವಿಲ್ಲ. ಯಾರೋ ಜೋರಾಗಿ ಉಸಿರು ಒಳಗೆಳೆದುಕೊಂಡ ಸದ್ದು, ಅದರ ಹಿಂದೆಯೇ ಸುಟ್ಟ ಕೈಗವಸಿನ ವಾಸನೆ. ನಾನು ಓಡಿ ಹೋಗುವಷ್ಟರಲ್ಲಿ ಅತ್ತಿಗೆ ಹಿಡಿಯನ್ನು ಮೇಲಕ್ಕೆ ದೂಡಿ ಹುಡುಗಿಯನ್ನು ಎದೆಗೆ ಅವುಚಿಕೊಂಡಿದ್ದರು. ಲಾರಿ ಕಂಬದ ಹಿಂದೆಯೇ ನಿಂತು ಏನಾಯ್ತು, ಏನಾಯ್ತು ಎಂದು ಕೇಳುತ್ತಲೇ ಇದ್ದಳು. ಅವಳಿಗೆ ಇನ್ನೂ ಏನೂ ಕಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಬಲಗೈಯ ಮೂರು ಬೆರಳು ತೆಗೆದರು. ಉಳಿದವು ಮಡಚುವುದಿಲ್ಲ ಎಂದರು.

ಕಾರ್ಮಿಕ ಇಲಾಖೆಯಿಂದ ಅಧಿಕಾರಿ ವಿಚಾರಣೆಗೆ ಬರುತ್ತಾರೆ ಎಂದು ಸುದ್ದಿ ಬಂದ ದಿನವೇ ಕಾರ್ಯದರ್ಶಿ ಅತ್ತಿಗೆಯನ್ನು ಕರೆದರು. ನಾನೂ ಜೊತೆಗೆ ಹೋದೆ, ಯಾರೂ ಕರೆಯದಿದ್ದರೂ.

"ಆ ಹುಡುಗಿ ಧ್ವನಿ ಎಷ್ಟು ಅಂತ ಊರಿಗೇ ಗೊತ್ತು. ಅವತ್ತು ಅವಳು ಕೂಗಿದ್ದು ನಿಮಗೆ ಕೇಳಿಸ್ತಾ ಮೇಡಂ?" ಎಂದು ಕೇಳಿ, ಅತ್ತಿಗೆ ಬಾಯಿ ತೆರೆಯುವ ಮೊದಲೇ ಕೈ ಎತ್ತಿ ತಡೆದರು. "ಈಗಲೇ ಹೇಳಬೇಡಿ. ಯೋಚನೆ ಮಾಡಿ. ಕೂಗೇ ಇರಲಿಲ್ಲ ಅಂದ್ರೆ, ನಿಯಮ ಮುರಿದು ಎಳೆದವಳು ಆ ದಪ್ಪ ಹುಡುಗಿ. ಅವಳನ್ನ ಕಳಿಸ್ತೀವಿ, ಕ್ಲಾಸು ಉಳಿಯುತ್ತೆ. ಕೂಗಿದ್ದಳು ಅಂದ್ರೆ, ಬಾಗಿಲಿಲ್ಲದ ಯಂತ್ರದ ಮುಂದೆ ಮಕ್ಕಳನ್ನ ನಿಲ್ಲಿಸಿದ್ದು ಯಾರು ಅಂತ ಕೇಳ್ತಾರೆ. ನಿಲ್ಲಿಸಿದ್ದು ನೀವು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಆಗಲೇ ಬಿದ್ದೂ ಆಗಿತ್ತು. ಓಣಿಯಲ್ಲಿ ಲಾರಿಗೆ 'ಕೈ ತೆಗೆದವಳು' ಎಂದು ಹೊಸ ಹೆಸರಾಗಿತ್ತು. ಪಿಸುಮಾತಿನ ತಾಯಿ ಅವಳನ್ನು ಆಸ್ಪತ್ರೆಯ ಮೆಟ್ಟಿಲಿನಿಂದಲೇ ಅಟ್ಟಿದ್ದರು. ಮೊದಮೊದಲು "ನನಗೆ ಕೇಳಿಸಿತ್ತು, ದೇವರಾಣೆ ಕೇಳಿಸಿತ್ತು" ಎನ್ನುತ್ತಿದ್ದವಳು, ಆಮೇಲೆ ನನ್ನ ಹೊಲಿಗೆ ಕೋಣೆಗೆ ಬಂದು ಮೂಲೆಯಲ್ಲಿ ಕೂತು, "ಕೇಳಿಸಿತ್ತು ಅಂತ ನನಗೇ ಅನ್ನಿಸಿರಬಹುದಾ ಅಕ್ಕಾ?" ಎಂದು ಕೇಳಿದಳು. ಅಷ್ಟು ದೊಡ್ಡ ಹುಡುಗಿಯ ಧ್ವನಿ ಅಷ್ಟು ಸಣ್ಣದಾಗಬಹುದೆಂದು ನನಗೆ ಗೊತ್ತಿರಲಿಲ್ಲ. ನಾನೂ ಕೇಳಿದ್ದೇನೆ ಎಂದೆ. ಆದರೆ ಗೋಡೆಯಾಚೆಯ ದರ್ಜಿಯ ಮಾತಿಗೆ ವಿಚಾರಣೆಯಲ್ಲಿ ಬೆಲೆಯಿಲ್ಲ, ಅದೇ ಕೋಣೆಯಲ್ಲಿ ಇದ್ದವರು ಹೇಳಬೇಕು ಎಂದು ಕಾರ್ಯದರ್ಶಿ ಮೊದಲೇ ತೀರ್ಮಾನ ಮಾಡಿದ್ದರು.

ನಾನು ಮತ್ತು ಅತ್ತಿಗೆ ಆಸ್ಪತ್ರೆಗೆ ಹೋದೆವು. ಪಿಸುಮಾತು ಬಿಳುಚಿಕೊಂಡು ಮಲಗಿದ್ದಳು, ಬಲಗೈ ದಿಂಬಿನ ಮೇಲೆ ಬಟ್ಟೆಯ ಗಂಟಿನ ಹಾಗೆ. ಅತ್ತಿಗೆಯನ್ನು ಕಂಡದ್ದೇ ಅವಳು ಕೇಳಿದ್ದು ಇದನ್ನು.

"ಗಟ್ಟಿಯಾಗಿ ಕೂಗಿದೆ ಅಲ್ವಾ ಟೀಚರ್?"

"ಕೂಗಿದೆ ಕಣಮ್ಮ."

"ಮತ್ತೆ ಹೇಗಾಯ್ತು? ದಿನಾ ಮಾಡೋ ಹಾಗೇ ಮಾಡಿದೆ. ನೋಡಿ." ಅವಳು ಎಡಗೈಯನ್ನು ಹೊದಿಕೆಯ ಮೇಲೆ ಮುಂದಕ್ಕೆ ಚಾಚಿ, ಇಲ್ಲದ ಉಂಡೆಯನ್ನು ಕೂರಿಸಿ, ಬೆರಳಿನಿಂದ ಅಂಚು ಸರಿಮಾಡುತ್ತಾ, "ಕೈ ಹೊರಗೆ" ಎಂದಳು. ಕೈ ಅಲ್ಲೇ ಇತ್ತು. ಮಾತು ಮುಗಿದು, ಒಂದು ಉಸಿರು ಕಳೆದ ಮೇಲೆ ಕೈ ಹಿಂದಕ್ಕೆ ಬಂತು. ಅವಳಿಗೆ ಅದು ಗೊತ್ತೇ ಆಗಲಿಲ್ಲ. ಎಲ್ಲ ಸರಿಯಾಗಿ ಮಾಡಿದೆನಲ್ಲ ಎಂಬಂತೆ ನಮ್ಮ ಮುಖ ನೋಡಿದಳು.

ಹೊರಗೆ ಬಂದ ಮೇಲೆ ಅತ್ತಿಗೆ ರಸ್ತೆ ಬದಿಯ ಕಟ್ಟೆಯ ಮೇಲೆ ಕೂತುಬಿಟ್ಟರು. "ನೋಡಿದ್ಯಾ?" ಎಂದರು. ನೋಡಿದೆ ಎಂದೆ. "ಅಂಗಳದಲ್ಲಿ ಅವಳು ಕಲಿತದ್ದು ಇದನ್ನೇ. ಅಲ್ಲಿ ಮೇಲಿನ ಅಚ್ಚು ಇಳೀತಿರಲಿಲ್ಲ, ಕೈ ತೆಗೆಯೋ ಅವಸರ ಏನಿತ್ತು ಅವಳಿಗೆ? ಕೂಗಿದರೆ ನನಗೆ ಖುಷಿ ಆಗುತ್ತೆ ಅಂತ ಕೂಗಿದಳು. ನಾನು ಧ್ವನಿ ಕೇಳಿದೆ. ಕೈ ನೋಡಲಿಲ್ಲ. ಅವತ್ತೂ ನಾನು ಓವನ್ನಿನ ಕಡೆ ತಿರುಗಿದ್ದೆ. ಆ ಕೂಗು ಕೇಳಿ ಎಷ್ಟು ಚೆನ್ನಾಗಿ ಕೂಗಿದಳು ಅಂತ ಹೆಮ್ಮೆ ಪಟ್ಟೆ ಕಣೇ." ಇಷ್ಟು ಹೇಳಿ ಅವರು ಅತ್ತರು. ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದರೂ ಅತ್ತರು. ಅಣ್ಣನ ಕೈ ಹೋದಾಗಲೂ ನಾನು ಅವರನ್ನು ಹಾಗೆ ನೋಡಿರಲಿಲ್ಲ.

ಮನೆಗೆ ಬಂದ ಮೇಲೆ ನಾನು ಸಿಟ್ಟಿನಿಂದಲೇ ಹೇಳಿದೆ. "ಕೇಳಿಸಲಿಲ್ಲ ಅಂದುಬಿಡಿ ಅತ್ತಿಗೆ. ಬಾಯಿ ಬಿಟ್ಟರೆ ಬಣ್ಣಗೇಡು. ನಿಮ್ಮನ್ನ ತೆಗೆದ್ರೆ ಈ ಮನೆ ಹೇಗೆ ನಡೆಯುತ್ತೆ? ಇನ್ನು ಈ ವಯಸ್ಸಿಗೆ ಯಾವ ಕಾರ್ಖಾನೆ ಕರೆಯುತ್ತೆ? ಆ ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ, ಎಲ್ಲಾದ್ರೂ ಬದುಕ್ಕೋತಾಳೆ." ಹೇಳುವಾಗಲೇ ಆ ಮಾತು ನನಗೇ ಕಹಿಯಾಗಿತ್ತು, ಆದರೂ ಹೇಳಿದೆ. ಮನೆಯವರು ಮೊದಲು ಅಂತ ನಾನು ಈಗಲೂ ನಂಬುವವಳು.

ಅಣ್ಣ ಎಡಗೈಯಲ್ಲಿ ಚಹಾದ ಲೋಟ ಹಿಡಿದು ಕೂತಿದ್ದ. "ನನಗೆ ಆಗಿದ್ದಾಗ ಹಿಡಿ ಎಳೆದವನ ಮುಖ ನನಗೆ ಮರೆತೇ ಹೋಗಿದೆ. ಅವನಿಗೆ ನನ್ನ ಮುಖ ಮರೆತಿರಲ್ಲ" ಎಂದ. ಅಷ್ಟು ಹೇಳಿ ಚಹಾ ಕುಡಿದ. 

ವಿಚಾರಣೆ ಅತ್ತಿಗೆಯ ಕೋಣೆಯಲ್ಲೇ ನಡೆಯಿತು. ಅಧಿಕಾರಿ ಯಂತ್ರವನ್ನು ಒಂದು ಸುತ್ತು ಹಾಕಿ ಬಂದು ಕುರ್ಚಿಯಲ್ಲಿ ಕೂತರು. ಪಕ್ಕದಲ್ಲಿ ಕಾರ್ಯದರ್ಶಿ. ಲಾರಿ ಗೋಡೆಗೆ ಒರಗಿ ನಿಂತಿದ್ದಳು, ಅವಳ ಅಪ್ಪ ಬಾಗಿಲಿನ ಹೊರಗೆ. ಕಂಬದ ಹಿಂದಿನಿಂದ ಏನು ಕೇಳಿಸಿತು ಎಂದು ಅಧಿಕಾರಿ ಕೇಳಿದಾಗ ಲಾರಿ ನೆಲ ನೋಡುತ್ತಾ "ಗೊತ್ತಿಲ್ಲ ಸರ್" ಎಂದಳು. ಕಾರ್ಯದರ್ಶಿಯ ಮುಖ ಸಡಿಲವಾದದ್ದನ್ನು ನಾನು ಕಿಟಕಿಯಿಂದ ಕಂಡೆ.

ತಮ್ಮನ್ನು ಕರೆಯುವ ಮೊದಲೇ ಅತ್ತಿಗೆ ಎದ್ದು ನಿಂತರು.

"ಇವಳಿಗೆ ಗೊತ್ತು ಸರ್. ಎಲ್ಲರೂ ಸೇರಿ ಮರೆಸಿದ್ದೀವಿ. ಕೂಗು ಬಂತು. ನನಗೆ ಚೆನ್ನಾಗಿ ಕೇಳಿಸ್ತು, ಇವಳಿಗೂ ಕೇಳಿಸ್ತು, ಆಮೇಲೇ ಎಳೆದಳು. ಕೈ ಒಳಗಿರುವಾಗಲೇ ಆ ಮಗು ಕೂಗಿದ್ದು. ಹಾಗೆ ಕೂಗೋದನ್ನ ಕಲಿಸಿದ್ದು ನಾನು, ಬೆನ್ನು ತಿರುಗಿಸಿ ನಿಂತು ಕಲಿಸಿದೆ. ಈ ಯಂತ್ರಕ್ಕೆ ಬಾಗಿಲು ಬೇಕಿತ್ತು. ಬಾಗಿಲಿನ ಜಾಗದಲ್ಲಿ ನಾನು ಒಂದು ಮಾತು ಇಟ್ಟೆ. ಅದು ಸಾಕಾಗಲ್ಲ ಅಂತ ಗೊತ್ತಿದ್ದೂ ಇಟ್ಟೆ. ಈ ಹುಡುಗಿ ಹೇಳಿಕೊಟ್ಟಿದ್ದನ್ನು ಹೇಳಿಕೊಟ್ಟ ಹಾಗೇ ಮಾಡಿದ್ದಾಳೆ."

ಲಾರಿ ತಲೆ ಎತ್ತಿ ಅತ್ತಿಗೆಯನ್ನು ನೋಡಿದಳು. ಅವಳ ಅಪ್ಪ ಒಳಗೆ ಬಂದು ಮಗಳ ತಲೆಯ ಮೇಲೆ ಕೈಯಿಟ್ಟ. 

ಆಮೇಲಿನದ್ದು ಎಲ್ಲ ಕಡೆ ಆಗುವಂಥದ್ದೇ. ಕೇಂದ್ರಕ್ಕೆ ದಂಡ ಬಿತ್ತು. ಅತ್ತಿಗೆಗೆ ಇನ್ನು ಬರಬೇಡಿ ಎಂದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಯಂತ್ರಕ್ಕೆ ಜಾಲರಿ ಬಂತು, ಅಚ್ಚುಕಟ್ಟಾದ ಜಾಲರಿ, ಹಸಿರು ಬಣ್ಣ ಬೇರೆ. ಮಾಡಲು ಒಂದು ವಾರವೂ ಹಿಡಿಯಲಿಲ್ಲ. ಹೊಸ ಮೇಷ್ಟ್ರು ಬಂದರು, ಈಗ ಆ ಕಿಟಕಿಯಿಂದ ಯಾವ ಕೂಗೂ ಬರುವುದಿಲ್ಲ. ಅತ್ತಿಗೆ ನನ್ನ ಹೊಲಿಗೆಗೆ ಗುಂಡಿ ಹಾಕಿಕೊಡುತ್ತಾ ಮನೆಯಲ್ಲಿ ಕೂತರು. ಓಣಿಯವರು ಲಾರಿಯನ್ನು ಹಳೆಯ ಹೆಸರಿನಿಂದಲೇ ಮತ್ತೆ ಕರೆಯತೊಡಗಿದರು. ಪಿಸುಮಾತಿನ ತಾಯಿ ಅವಳನ್ನು ಮನೆಗೆ ಕರೆದು ಮಾತಾಡಿಸಿದರು ಎಂದೂ ಕೇಳಿದೆ. ಹೋಗಲಿ, ಒಬ್ಬಳಾದರೂ ಬಚಾವಾದಳು ಅಂದುಕೊಂಡೆ.

ಒಂದು ಬೆಳಿಗ್ಗೆ ಲಾರಿ ಮನೆಗೆ ಬಂದಳು. ಅತ್ತಿಗೆ ಕಿಟಕಿಯ ಬೆಳಕಿಗೆ ಕೂತು ಗುಂಡಿ ಹೊಲಿಯುತ್ತಿದ್ದರು, ನಾನು ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದೆ. ಒಳಗೆ ಬಾ ಎಂದರೂ ಹುಡುಗಿ ಬಾಗಿಲಲ್ಲೇ ನಿಂತಳು. ಮೈ ಇಳಿದಿತ್ತು.

"ಟೀಚರ್, ನನ್ನ ತಪ್ಪಿಲ್ಲ ಅಲ್ವಾ?"

"ಇಲ್ಲ ಅಂತ ಎಲ್ಲರ ಮುಂದೆ ಹೇಳಿದ್ದೀನಲ್ಲ."

"ಒಂದು ವಿಷಯ ನಾನು ಅಲ್ಲಿ ಹೇಳಲಿಲ್ಲ." ಅವಳು ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡಳು. "ಹಿಡಿ ಅರ್ಧಕ್ಕೆ ಬಂದಾಗ ತಡೀತು. ಒಂದೇ ಗಳಿಗೆ. ನೀವು ಹೇಳಿದ್ರಲ್ಲ, ತಡೆದರೆ ಉಂಡೆ ತಣ್ಣಗಾಗಿದೆ ಅಂತ ಅರ್ಥ, ಅಲ್ಲಿಗೆ ಬಿಟ್ಟರೆ ಡಬ್ಬಿ ಹಾಳು, ಮೈಭಾರ ಹಾಕಿ ಎಳೀರಿ ಅಂತ. ನಾನು ಹಾಕಿದೆ. ಪೂರ್ತಿ ಹಾಕಿದೆ ಟೀಚರ್. ಆ ತಡೆದದ್ದು ಇನ್ನೂ ನನ್ನ ಕೈಯಲ್ಲೇ ಇದೆ. ಅನ್ನ ಕಲಸೋಕೆ ಆಗ್ತಿಲ್ಲ."

ಅತ್ತಿಗೆಯ ಸೂಜಿ ನಿಂತಿತು.  ಹೊರಗೆ ಯಾರೋ ಬಕೆಟ್ಟಿಗೆ ನೀರು ಬಿಟ್ಟಿದ್ದರು, ಅದು ತುಂಬಿ ಹರಿಯಿತು.

"ಪಿಸುಮಾತಿಗೂ ಹೇಳಬೇಕಾ ಟೀಚರ್? ನೀವು ಹೇಳಿದ ಹಾಗೆ, ಎಲ್ಲ ನಿಜ ಹೇಳಬೇಕಾ?"

ಒಂದು ನಿಜ ಹೇಳಲು ಇದ್ದ ಒಂದೇ ಕೆಲಸವನ್ನು ಕಳೆದುಕೊಂಡಿದ್ದ ನನ್ನ ಅತ್ತಿಗೆ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಆ ಹುಡುಗಿಯನ್ನು ನೋಡಿದರು.

"ಬೇಡ" ಎಂದರು. "ನನಗೆ ಹೇಳಿದೆಯಲ್ಲ, ಸಾಕು. ಅವಳಿಗೆ ಯಾವತ್ತೂ ಹೇಳಬೇಡ."

ಹುಡುಗಿ ತಲೆಯಾಡಿಸಿದಳು. ಅತ್ತಿಗೆ ಹೇಳಿಕೊಟ್ಟದ್ದನ್ನು ಅವಳು ಯಾವತ್ತೂ ಮೀರಿದವಳಲ್ಲ.